ರಾಸ್ನಾಸಪ್ತಕ ಕಷಾಯದ ಪುಡಿ: ಪೊಟ್ಟಣದ ಜೊತೆ ನೀರನ್ನೂ ನೋಡಿ

ಆಮವಾತಕ್ಕೆ, ಅಂದರೆ ಇಂದು ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಹೋಲಿಸಿ ನೋಡುವ ಕೀಲುರೋಗಕ್ಕೆ, ಆಯುರ್ವೇದ ವೈದ್ಯರು ಹೆಚ್ಚಾಗಿ ಬರೆಯುವ ಕಷಾಯಗಳಲ್ಲಿ ರಾಸ್ನಾಸಪ್ತಕ ಒಂದು. ರಾಸ್ನಾ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಹರಳುಗಿಡದ ಬೇರು, ಪುನರ್ನವ ಸೇರಿ ಏಳು. ಬಳ್ಳಾರಿಯ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿದರೆ ಬಿಡಿಯಾಗಿ ತೂಗಿಯೂ ಕೊಡುತ್ತಾರೆ, ಸೀಲ್ ಪೊಟ್ಟಣವೂ ಉಂಟು. ಪೊಟ್ಟಣವನ್ನೇ ಕೊಳ್ಳಿ. ರಾಸ್ನಾ ಎಂಬ ಹೆಸರಲ್ಲಿ ಉತ್ತರದ ಕಡೆ ಪ್ಲೂಚಿಯಾ ಎಲೆ ಬಳಸಿದರೆ, ನಮ್ಮ ಕಡೆ ದುಂಪರಾಸ್ಮೆ ಗಡ್ಡೆ ನಡೆಯುತ್ತದೆ. ಯಾವುದು ಹಾಕಿದ್ದಾರೆಂದು ಲೇಬಲ್ಲಿನ ಸಸ್ಯನಾಮ ಹೇಳುತ್ತದೆ, ಬಿಡಿ ಪುಡಿ ಹೇಳುವುದಿಲ್ಲ.

ಪುಡಿ ದಪ್ಪ ರವೆಯಂತೆ ತರಿತರಿ ಇರಬೇಕು. ಹಿಟ್ಟಿನಂತೆ ನುಣ್ಣಗಿದ್ದರೆ ತಳ ಹಿಡಿಯುತ್ತದೆ, ಸೋಸಿದರೂ ಗಷ್ಟು ಲೋಟಕ್ಕೆ ಇಳಿಯುತ್ತದೆ. 10 ಗ್ರಾಂ ಪುಡಿಗೆ 160 ಮಿ.ಲೀ. ನೀರು. ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ 40 ಮಿ.ಲೀ.ಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ, 1 ಗ್ರಾಂ ಒಣಶುಂಠಿ ಪುಡಿ ಬೆರೆಸಿ ಬೆಚ್ಚಗೆ ಕುಡಿಯುವುದು ರೂಢಿ. ಉರಿ ಜೋರು ಮಾಡಿದರೆ ಸಾರ ಬಿಡುವ ಮೊದಲೇ ನೀರು ಆರಿಹೋಗುತ್ತದೆ. ಒಮ್ಮೆಗೇ ಎರಡು ದಿನದ್ದು ಕಾಸಿಡಬೇಡಿ, ಬಳ್ಳಾರಿ ಬಿಸಿಲಿಗೆ ಸಂಜೆಯೊಳಗೇ ಹುಳಿ ವಾಸನೆ ಬರುತ್ತದೆ. ಕಕ್ಕೆ ಇರುವುದರಿಂದ ಕೆಲವರಿಗೆ ಮಲ ಸಡಿಲವಾಗುತ್ತದೆ, ಆಗ ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಬೇಕು.

ನೀರಿನ ವಿಷಯವನ್ನು ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಗರಿಷ್ಠ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. 160 ಮಿ.ಲೀ.ನಲ್ಲಿದ್ದಷ್ಟೂ ಆ 40 ಮಿ.ಲೀ.ನಲ್ಲೇ ಉಳಿಯುತ್ತದೆ. ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ಕಷಾಯಕ್ಕೂ ಬಳಸಿ. ಇನ್ನೂ ಮುಖ್ಯವಾದದ್ದು: ಫ್ಲೋರೈಡ್ ಮೈಸೇರಿ ಬರುವ ಫ್ಲೋರೋಸಿಸ್ಸಿನಲ್ಲೂ ಕೀಲು ನೋಯುತ್ತದೆ, ಬೆನ್ನು ಬಿಗಿಯುತ್ತದೆ. ಎರಡೂ ಕೈಬೆರಳ ಸಣ್ಣ ಗಂಟುಗಳು ಬಾತು, ಬೆಳಿಗ್ಗೆ ಎದ್ದಾಗ ತಾಸುಗಟ್ಟಲೆ ಮುಷ್ಟಿ ಕಟ್ಟಲು ಆಗದಿದ್ದರೆ ರುಮಟಾಯ್ಡ್ ಪತ್ತೆಗೆ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಔಷಧಿ ಮಾತು.

ರುಮಟಾಯ್ಡ್‌ಗೆ ಅಲೋಪಥಿ ವೈದ್ಯರು ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವವರು ಈ ಕಷಾಯ ನಂಬಿ ಅದನ್ನು ನಿಲ್ಲಿಸಲೇಬಾರದು. ಕೀಲು ಸವೆಯದಂತೆ ತಡೆಯುವುದು ಆ ಮಾತ್ರೆಯ ಕೆಲಸ, ಕಷಾಯ ಅದರ ಜಾಗ ತುಂಬದು. ಅಮೃತಬಳ್ಳಿಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ, ಮೆಥೋಟ್ರೆಕ್ಸೇಟಿಗೂ ಆ ಗುಣವಿದೆ. ಎರಡೂ ನಡೆಯುವುದಾದರೆ ಇಬ್ಬರು ವೈದ್ಯರಿಗೂ ತಿಳಿದಿರಬೇಕು, ಲಿವರ್ ಪರೀಕ್ಷೆ ತಪ್ಪಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟುವುದೇ ಬೇಡ.

ಪಥ್ಯಕ್ಕೆ ನಮ್ಮ ಅಡುಗೆಯೇ ಒಗ್ಗುತ್ತದೆ: ಬಿಸಿ ಜೋಳದ ರೊಟ್ಟಿ, ಹುರಳಿಕಟ್ಟಿನ ಸಾರು, ನುಗ್ಗೆಸೊಪ್ಪು, ಹಾಗಲಕಾಯಿ. ಕೆನೆಮೊಸರು, ಉದ್ದಿನ ವಡೆ, ಸಂಜೆಯ ಮಿರ್ಚಿ ಬಜ್ಜಿ ಬಿಡಬೇಕು. ಬೇಸಿಗೆಯಲ್ಲಿ ಮೊಸರು ಬಿಡುವುದು ಇಲ್ಲಿಯವರಿಗೆ ನಿಜಕ್ಕೂ ಕಷ್ಟ. ಬದಲಿಗೆ ಬೆಣ್ಣೆ ತೆಗೆದ ನೀರುಮಜ್ಜಿಗೆಗೆ ಶುಂಠಿ ಹಾಕಿ ಕುಡಿಯಬಹುದು. ಉಂಡ ಕೂಡಲೇ ಮಧ್ಯಾಹ್ನದ ನಿದ್ದೆ ಬೇಡ. ಗಂಟು ಬಾತು ಭಾರವಾಗಿರುವಾಗ ಎಣ್ಣೆ ತಿಕ್ಕುವುದೂ ಬೇಡ. ಆ ಹಂತಕ್ಕೆ ಶಾಸ್ತ್ರ ಹೇಳುವುದು ಒಣ ಶಾಖ: ಹುರಿದ ಮರಳನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ, ಮೊದಲು ಮುಂಗೈಗೆ ಸೋಕಿಸಿ ಬಿಸಿ ನೋಡಿ ಒತ್ತುವುದು. ಕೀಲು ಕೆಂಪಾಗಿ ಸುಡುತ್ತಿದ್ದರೆ ಅದನ್ನೂ ತಡೆಯಿರಿ.