ಸ್ವಂತ ದುಡಿಮೆಯವರಿಗೆ ಹಲ್ಲಿನ ವಿಮೆ ಬೇಕಾ?

ದಾವಣಗೆರೆಯಲ್ಲಿ ಸ್ವಂತ ಟೈಲರ್ ಅಂಗಡಿ ನಿಮ್ಮದು. ಹಲ್ಲಿಗೆ ವಿಮೆ ಮಾಡಿಸೋದಾ, ತಿಂಗಳಿಗಿಷ್ಟು ಎತ್ತಿಡೋದಾ?

ಖರ್ಚು ಮೊದಲು ನೋಡೋಣ. ಸಾಮಾನ್ಯ ಆರೋಗ್ಯ ವಿಮೆ ಹೆಚ್ಚಾಗಿ ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾದರೆ ಮಾತ್ರ ಹಣ ಕೊಡುತ್ತದೆ. ಹುಳುಕು, ರೂಟ್ ಕೆನಾಲ್‌ಗೆ ಒಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಸೇರಿಸಿಕೊಳ್ಳಬೇಕು, ಪ್ರೀಮಿಯಂ ಜಾಸ್ತಿ. ಅದಕ್ಕೂ ವರ್ಷಕ್ಕೆ ಇಷ್ಟೇ ಹಣ ಅನ್ನೋ ಮಿತಿ ಇರುತ್ತದೆ. ಪ್ರೀಮಿಯಂ ಆ ಮಿತಿಯ ಹತ್ತಿರಕ್ಕೇ ಬಂದರೆ ಸುಮ್ನೆ ದುಡ್ಡು ದಂಡ, ಅಲ್ವಾ?

ತಿಂಗಳಿಗೆ 300 ರೂಪಾಯಿ ಡಬ್ಬಿಗೆ ಹಾಕಿದರೆ ವರ್ಷಕ್ಕೆ 3,600. ನಮ್ಮೂರಲ್ಲಿ ಬಾಪೂಜಿ ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ, ಆದರೆ ಹೊತ್ತು ಹಿಡಿಯುತ್ತದೆ. ಮಿಷನ್ ನಿಂತ ದಿನದ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಲ್ಲು, ವಸಡು ಗಟ್ಟಿಯಿದ್ದರೆ ಡಬ್ಬಿಯೇ ಸಾಕು. ಕೈಯಲ್ಲಿ ಹಣ ನಿಲ್ಲದವರು, ಮನೆಯಲ್ಲಿ ಮೂರು-ನಾಲ್ಕು ಜನರಿಗೆ ಹಲ್ಲಿನ ತೊಂದರೆ ಇರುವವರು ಒಪಿಡಿ ಪಾಲಿಸಿ ನೋಡಬಹುದು. ಸಹಿ ಹಾಕುವ ಮೊದಲು ಯಾವ ಚಿಕಿತ್ಸೆಗೆ ಹಣ ಸಿಗಲ್ಲ ಅನ್ನೋ ಪಟ್ಟಿ ಓದಿ.