ಅರವತ್ತು ದಾಟಿದ ಮೇಲೆ ಮದುವೆ: ಮಡಿಕೇರಿಯ ಒಬ್ಬ ವಕೀಲೆಯ ಬಗ್ಗೆ

ಅರವತ್ತು ದಾಟಿದ ಮೇಲೆ ಮದುವೆಯಾಗಲು ಹೊರಟವರು ಪುರೋಹಿತರಿಗಿಂತ ಮೊದಲು ಒಬ್ಬ ಒಳ್ಳೆಯ ವಕೀಲರನ್ನು ಹುಡುಕಿಕೊಳ್ಳಿ. ನಮಗೆ ಅಂಥವರು ಮಡಿಕೇರಿಯಲ್ಲಿ ಸಿಕ್ಕರು. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. "ನನ್ನ ಹೆಸರು ಮಾತ್ರ ಹಾಕಬೇಡಿ ಟೀಚರ್" ಎಂದು ಅವರೂ ಹೇಳಿದ್ದಾರೆ. ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಯಾವ ವಕೀಲರ ಹತ್ತಿರ ಹೋದರೂ ಏನೇನು ಕೇಳಬೇಕು ಅನ್ನುವುದಾದರೂ ನಿಮಗೆ ಗೊತ್ತಾಗಲಿ.

ನಾನು ಸೋಮವಾರಪೇಟೆ ಕಡೆಯವಳು, ನಿವೃತ್ತ ಶಿಕ್ಷಕಿ. ಮೊದಲ ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಮಗ, ಮಗಳು ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ನಾನು ಮದುವೆಯಾಗಲು ಹೊರಟ ಇವರು ಮಿಲಿಟರಿಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು. ಮೊದಲು ಬೇರೊಬ್ಬ ವಕೀಲರನ್ನು ನೋಡಿದೆವು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಮ್ಮಾ, ಮಕ್ಕಳು ಏನಂದುಕೊಳ್ತಾರೆ?" ಎಂದರು. ನಾನು ಕೇಳಲು ಹೋಗಿದ್ದು ಕಾನೂನು. ಇವರ ಮುಖ ಅವತ್ತು ಬಾಡಿದ್ದು ಈಗಲೂ ನನ್ನ ಕಣ್ಣ ಮುಂದಿದೆ.

ಈ ವಕೀಲೆ ಯಾಕೆ ಅಂತ ಕೇಳಲೇ ಇಲ್ಲ. ಅವರ ಮೊದಲ ಪ್ರಶ್ನೆ: "ಟೀಚರ್, ನಿಮಗೆ ಫ್ಯಾಮಿಲಿ ಪೆನ್ಷನ್ ಬರ್ತಿದೆಯಾ?"

ಬರುತ್ತಿತ್ತು. ಮರುಮದುವೆಯಾದರೆ ಅದು ನಿಲ್ಲುತ್ತದೆ ಎಂದು ನೇರವಾಗಿ ಹೇಳಿದರು. ನನ್ನ ಸ್ವಂತ ಸರ್ವಿಸ್ ಪೆನ್ಷನ್‌ಗೆ ಏನೂ ಆಗುವುದಿಲ್ಲ. ಆದರೆ ಮೊದಲ ಯಜಮಾನರ ಕಡೆಯಿಂದ ಬರುವುದನ್ನು ಬಿಡಬೇಕು, ನಾವೇ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಮುಂದೆ ಪೂರ್ತಿ ವಸೂಲಿ ಮಾಡುತ್ತಾರೆ. "ಮದುವೆಯಾಗದೆ ಸುಮ್ನೆ ಜೊತೆಗಿದ್ದರೆ?" ಎಂದು ನಾನೇ ಕೇಳಿದೆ. ಹಾಗೆ ಇರುವುದು ತಪ್ಪಲ್ಲ, ಮದುವೆಯಂತೆಯೇ ಬಾಳುವ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆಯೂ ಇದೆ, ಆದರೆ ಇವರು ತೀರಿಕೊಂಡರೆ ವಾರಸುದಾರಳು ಅನ್ನಿಸಿಕೊಳ್ಳುವುದಿಲ್ಲ ಎಂದರು. ನಾನು ಲೆಕ್ಕ ಹಾಕಿದೆ. ಆ ದುಡ್ಡು ಹೋದರೆ ಹೋಗಲಿ, ಮದುವೆಯೇ ಆಗುತ್ತೇನೆ ಎಂದೆ.

ಇವರ ಮಿಲಿಟರಿ ಪೆನ್ಷನ್ ವಿಷಯ ಕೇಳಿ ಸಮಾಧಾನವಾಯಿತು. ನಿವೃತ್ತಿಯ ನಂತರ ಮದುವೆಯಾದ ಹೆಂಡತಿಗೂ ಫ್ಯಾಮಿಲಿ ಪೆನ್ಷನ್ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆಯಂತೆ. ಆದರೆ ದಾಖಲೆಯಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಮದುವೆ ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ವಿಚಾರಿಸಿ ಎಂದು ಚೀಟಿ ಬರೆದುಕೊಟ್ಟರು. ನಮ್ಮ ಕೊಡಗಿನಲ್ಲಿ ಮನೆಗೊಬ್ಬರು ಮಾಜಿ ಸೈನಿಕರಿದ್ದಾರೆ ಅಲ್ವಾ, ಇದು ಎಲ್ಲರಿಗೂ ಗೊತ್ತಿರಬೇಕು.

ಆಮೇಲೆ ತೋಟದ ವಿಷಯ. ಮೊದಲ ಯಜಮಾನರಿಂದ ಬಂದ ಎರಡು ಎಕರೆ ಅರೇಬಿಕಾ ಕಾಫಿ ತೋಟ ನನ್ನ ಹೆಸರಿನಲ್ಲಿದೆ. ಮದುವೆಯಾದರೆ ಅದು ಕೈತಪ್ಪುತ್ತದೆ ಎಂದು ನೆಂಟರು ಹೆದರಿಸಿದ್ದರು. ಹಾಗೇನಿಲ್ಲ, ಅದು ಪೂರ್ತಿ ನನ್ನದು. ಮಗನ ಭಯ ಬೇರೆ ಇತ್ತು, ಅದಕ್ಕೆ ಕಾರಣವೂ ಇತ್ತು. ವಕೀಲೆ ಒಂದು ಬಿಳಿ ಹಾಳೆ ತೆಗೆದು ನನ್ನ ಹೆಸರು ಬರೆದರು, ಕೆಳಗೆ ಮೂರು ಗೆರೆ ಎಳೆದರು. ಮಗ, ಮಗಳು, ಗಂಡ. ನಾನು ವಿಲ್ ಬರೆಯದೆ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೂ ಸಮಪಾಲು. ಅಂದರೆ ಮಕ್ಕಳ ಅಪ್ಪನ ತೋಟದಲ್ಲಿ ಮೂರನೇ ಒಂದು ಪಾಲು ಇವರಿಗೆ. ಅದನ್ನು ನೋಡಿದ ತಕ್ಷಣ ಇವರೇ "ನನಗೆ ಬೇಡ, ಮಕ್ಕಳಿಗೇ ಬರೆದುಬಿಡು" ಎಂದರು. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಎದುರಿಗೇ ಸಹಿ ಹಾಕುವ ಇಬ್ಬರು ಸಾಕ್ಷಿಗಳು ಇರಲೇಬೇಕು. ನಾವು ನೋಂದಣಿಯನ್ನೂ ಮಾಡಿಸಿದೆವು.

ಮಗ ಮದುವೆಗೆ ಮೊದಲೇ ತೋಟವನ್ನು ದಾನಪತ್ರ ಮಾಡಿಕೊಡು ಎಂದು ಕೇಳುತ್ತಿದ್ದ. ಅಲ್ಲಿ ಈ ವಕೀಲೆ ನನ್ನ ಕೈ ಹಿಡಿದು ನಿಲ್ಲಿಸಿದರು. ವಿಲ್ ಅನ್ನು ಬದುಕಿರುವ ತನಕ ಯಾವಾಗ ಬೇಕಾದರೂ ಬದಲಾಯಿಸಬಹುದು. ದಾನ ಕೊಟ್ಟಿದ್ದನ್ನು ಬೇಕೆಂದಾಗ ವಾಪಸ್ ಪಡೆಯಲು ಆಗುವುದಿಲ್ಲ. ಕೊಡಲೇಬೇಕು ಅನ್ನಿಸಿದರೆ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದೊಳಗೇ ಇರಲಿ. ಆಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹಿಡಿದು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ರದ್ದು ಮಾಡಿಸಬಹುದು. ಮಗನಿಗೆ ನೀವೇ ಸ್ವಲ್ಪ ಹೇಳಿ ಎಂದರೆ ಒಪ್ಪಲಿಲ್ಲ. "ನನ್ನ ಕಕ್ಷಿದಾರರು ನೀವು, ಅವರಲ್ಲ." ಆಗ ಬೇಜಾರಾಗಿತ್ತು. ಆದರೆ ಆ ಮೂರು ಗೆರೆಯ ಹಾಳೆಯನ್ನು ಕೊಟ್ಟು ಕಳಿಸಿದ್ದರು. ಅದನ್ನೇ ಮುಂದಿಟ್ಟುಕೊಂಡು ನಾನು ಮಗನ ಹತ್ತಿರ ಮಾತಾಡಿದೆ. ಪೂರ್ತಿ ಒಪ್ಪಿದ್ದಾನೆ ಅನ್ನಲಾರೆ, ಆದರೆ ಫೋನ್ ಎತ್ತುತ್ತಿದ್ದಾನೆ.

ಇವರ ಕಡೆಯದು ಇನ್ನೂ ಸೂಕ್ಷ್ಮ. ಹೆಂಡತಿ ಹೋದ ಮೇಲೆ ಎಲ್ಲವನ್ನೂ ಮಗಳಿಗೆ ಬರೆದ ಹಳೆಯ ವಿಲ್ ಇತ್ತು. ಮದುವೆಯಾದರೆ ಅದು ತಾನಾಗಿ ರದ್ದಾಗುತ್ತದೆ ಎಂದುಕೊಂಡಿದ್ದರು. ಹಿಂದೂಗಳಿಗೆ ಹಾಗಿಲ್ಲ, ಮದುವೆಯಿಂದ ಹಳೆಯ ವಿಲ್ ಬೀಳುವುದಿಲ್ಲ. ಕ್ರೈಸ್ತರಿಗೆ ಉಲ್ಟಾ, ಮದುವೆಯಾದರೆ ಹಳೆಯದು ಬಿದ್ದುಹೋಗುತ್ತದೆ. ಹೊಸ ವಿಲ್‌ನಲ್ಲಿ ಮನೆ ಮಗಳಿಗೇ ಇದೆ, ನಾನು ಬದುಕಿರುವ ತನಕ ಅದರಲ್ಲಿ ವಾಸ ಮಾಡಬಹುದು, ಮಾರುವಂತಿಲ್ಲ. ಆ ಒಂದು ಸಾಲನ್ನು ವಕೀಲೆ ಜೋರಾಗಿ ಓದಿದಾಗ ಇವರ ಮಗಳು ಅತ್ತಳು, ನಾನೂ ಅತ್ತೆ. ಬ್ಯಾಂಕಿನಲ್ಲಿ ನಾಮಿನಿ ಬದಲಾಯಿಸಿದರೆ ಸಾಕು ಎಂದು ನಂಬಿರುವವರು ಗಮನಿಸಿ: ನಾಮಿನಿ ದುಡ್ಡನ್ನು ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಅದು ಕೊನೆಗೆ ಸೇರುವುದು ವಾರಸುದಾರರಿಗೆ.

ನನಗೆ ಮತ್ತೆ ಹಸೆಮಣೆ ಬೇಡವಾಗಿತ್ತು. ಅದಕ್ಕೆ 1954ರ ವಿಶೇಷ ವಿವಾಹ ಕಾಯ್ದೆ ಆರಿಸಿಕೊಂಡೆವು. 30 ದಿನ ನೋಟಿಸ್, ಮೂವರು ಸಾಕ್ಷಿಗಳು. ನೋಟಿಸ್ ಬೋರ್ಡಿಗೆ ಬಂದದ್ದೇ ತಡ, ಪೇಟೆಯೆಲ್ಲ ಸುದ್ದಿ. ಒಬ್ಬ ಬಂಧು ತಕರಾರು ಹಾಕುತ್ತೇನೆ ಎಂದರು. ಜೀವಂತ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ಸಾಲದಿರುವುದು, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲದಿರುವುದು, ನಿಷಿದ್ಧ ಸಂಬಂಧ, ಇಂಥ ಕಾರಣಕ್ಕೆ ಮಾತ್ರ ತಕರಾರು ನಿಲ್ಲುತ್ತದೆ ಎಂದು ವಕೀಲೆ ಹೇಳಿದರು. ಮಕ್ಕಳಿಗೆ ಇಷ್ಟವಿಲ್ಲ ಅನ್ನುವುದು ಆ ಪಟ್ಟಿಯಲ್ಲಿಲ್ಲ.

ಕೊರತೆ ಅಂದರೆ, ಆಫೀಸು ಮಹಡಿ ಮೇಲಿದೆ, ಮೆಟ್ಟಿಲು ಕಡಿದು, ಜುಲೈ ಮಳೆಯಲ್ಲಿ ಜಾರುತ್ತದೆ. ಮಂಡಿ ನೋವಿನವರು ಫೋನ್ ಮಾಡಿದರೆ ಕೆಳಗೆ ಬಂದು ಮಾತಾಡುತ್ತಾರೆ, ಆದರೆ ಕೋರ್ಟ್ ಸಮಯದಲ್ಲಿ ಫೋನ್ ಎತ್ತುವುದಿಲ್ಲ. ಮಾತು ಬಲು ವೇಗ, ನಿಲ್ಲಿಸಿ ಇನ್ನೊಮ್ಮೆ ಕೇಳಿ. ಫೀಸು ಮೊದಲೇ ಹೇಳಿದರು, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ದುಡ್ಡಿನ ತೊಂದರೆ ಇರುವ ಹೆಂಗಸರು 15100ಕ್ಕೆ ಕರೆ ಮಾಡಿ. ಉಚಿತ ಕಾನೂನು ನೆರವಿಗೆ ಹೆಂಗಸರ ಆದಾಯ ನೋಡುವುದಿಲ್ಲ.

ಹೋಗುವಾಗ ಇಬ್ಬರ ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ, ಪೆನ್ಷನ್ ಆದೇಶ, ಪಹಣಿ, ಹಳೆಯ ವಿಲ್ ಇದ್ದರೆ ಅದರ ಪ್ರತಿ ತೆಗೆದುಕೊಂಡು ಹೋಗಿ. ಇಬ್ಬರೂ ಒಟ್ಟಿಗೇ ಹೋಗಿ, ಮದುವೆಗೆ ಮುಂಚೆಯೇ ಹೋಗಿ.