ಕಬ್ಬಿನ ಸಿಪ್ಪೆಯ ಡಬ್ಬಿಯಲ್ಲಿ ಮೂರು ವರ್ಷದ ಪಾರ್ಸೆಲ್

ಶಿವಮೊಗ್ಗದಲ್ಲಿರುವ ನಮ್ಮದು ಇಪ್ಪತ್ತು ಜನ ಕೂರಬಹುದಾದ ಸಣ್ಣ ಹೋಟೆಲು. ವ್ಯಾಪಾರದ ಅರ್ಧಭಾಗ ಪಾರ್ಸೆಲ್‌ನಿಂದಲೇ ನಡೆಯುತ್ತದೆ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದಾಗ, ಹೇಗೂ ಬದಲಾಯಿಸಬೇಕಲ್ಲ ಎಂದು ಪಾರ್ಸೆಲ್‌ಗೂ ಕಬ್ಬಿನ ಸಿಪ್ಪೆಯ, ಅಂದರೆ ರಸ ಹಿಂಡಿದ ಮೇಲೆ ಉಳಿಯುವ ನಾರಿನ, ಡಬ್ಬಿಗಳನ್ನು ತರಿಸತೊಡಗಿದೆವು. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿಯೇ ಇಂತಹ ನಿಷೇಧ ಬಂದಿತ್ತು ಎಂಬುದನ್ನೂ, ಆರು ವರ್ಷ ನಾವೂ ಎಲ್ಲರಂತೆ ಅದನ್ನು ಕಂಡೂ ಕಾಣದಂತೆ ಇದ್ದೆವು ಎಂಬುದನ್ನೂ ಮುಚ್ಚಿಡುವುದಿಲ್ಲ.

ಈ ಡಬ್ಬಿಯ ನಿಜವಾದ ಗುಣ ಗೊತ್ತಾಗುವುದು ದೋಸೆ ಕಟ್ಟಿದಾಗ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ದೋಸೆಯ ಹಬೆ ಹೊರಹೋಗಲು ದಾರಿಯಿಲ್ಲದೆ ಮುಚ್ಚಳದ ಒಳಗೆ ಹನಿಗಟ್ಟಿ, ಆ ಹನಿ ಮತ್ತೆ ದೋಸೆಯ ಮೇಲೆಯೇ ಬಿದ್ದು, ಗ್ರಾಹಕರು ಮನೆ ಮುಟ್ಟುವಷ್ಟರಲ್ಲಿ ಅದು ಒದ್ದೆ ಬಟ್ಟೆಯಂತಾಗುತ್ತಿತ್ತು. ಸಿಪ್ಪೆಯ ಡಬ್ಬಿ ಆ ತೇವದಲ್ಲಿ ಒಂದಿಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ಅರ್ಧ ಗಂಟೆಯ ನಂತರ ತೆರೆದರೂ ದೋಸೆಯ ಅಂಚು ಗರಿಯಾಗಿಯೇ ಇರುತ್ತದೆ. ಉದ್ದಿನವಡೆಗೂ ಪೂರಿಗೂ ಇದೇ ಮಾತು.

ಹೀರುವ ಗುಣವೇ ಎಣ್ಣೆ, ತುಪ್ಪಗಳ ವಿಷಯದಲ್ಲಿ ದೋಷವಾಗುತ್ತದೆ. ಮೊದಲ ವರ್ಷದ ಮಳೆಗಾಲದಲ್ಲಿ ಬಿಸಿಬೇಳೆಬಾತ್ ಕಟ್ಟಿಸಿಕೊಂಡು ಹೋದ ಗ್ರಾಹಕರೊಬ್ಬರು ಮುಕ್ಕಾಲು ಗಂಟೆಯಲ್ಲಿ ಹಿಂದಿರುಗಿ, ತಳ ಮೆತ್ತಗಾಗಿ ಜೋತುಬಿದ್ದ ಡಬ್ಬಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದರು. ಅವರ ಬ್ಯಾಗಿನಲ್ಲಿದ್ದ ಬ್ಯಾಂಕಿನ ಕಾಗದಗಳಿಗೆ ತುಪ್ಪ ಇಳಿದಿತ್ತು. ಅವತ್ತಿನಿಂದ ತುಪ್ಪದ ಪದಾರ್ಥಗಳಿಗೆಲ್ಲ ಡಬ್ಬಿಯ ತಳಕ್ಕೆ ಬಾಳೆ ಎಲೆಯ ತುಂಡು ಹಾಸುತ್ತೇವೆ. ಎಲೆಯನ್ನು ಮೊದಲು ಉರಿಯ ಮೇಲೆ ಬಾಡಿಸಬೇಕು; ಹಸಿ ಎಲೆ ಮಡಿಸಿದ ಕಡೆ ಸೀಳಿ ಉಪಯೋಗಕ್ಕೆ ಬಾರದು. ಹೆಚ್ಚುವರಿ ಕೆಲಸವೇನೋ ಹೌದು, ಆದರೆ ಸೋರುವ ದೂರು ಆಮೇಲೆ ಬಂದಿಲ್ಲ.

ಎಣ್ಣೆ ಸ್ವಲ್ಪವೂ ಹೀರುವುದಿಲ್ಲ ಎಂದು ಹೇಳಿಕೊಂಡು ಬರುವ ಡಬ್ಬಿಗಳನ್ನು ಕಂಡರೆ ನನಗೆ ಈಗ ಅನುಮಾನ. ಹಾಗೆ ಹೀರದಂತೆ ಮಾಡಲು ತಿರುಳಿಗೆ ಪಿಎಫ್‌ಎಎಸ್ ಎಂಬ ಫ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಬೆರೆಸುವ ರೂಢಿ ಇದೆ. ಸಿಪ್ಪೆ ಮಣ್ಣಾದರೂ ಅವು ಮಣ್ಣಾಗುವುದಿಲ್ಲ. ಅವಿಲ್ಲ ಎಂದು ಪ್ರಯೋಗಾಲಯದ ವರದಿ ಕೊಡುವವರಿಂದ ಮಾತ್ರ ನಾವು ಈಗ ಮಾಲು ತರಿಸುತ್ತೇವೆ. ಒಂದಿಷ್ಟು ಎಣ್ಣೆ ಹೀರುವ ಡಬ್ಬಿಯೇ ವಾಸಿ.

ಕಾಫಿ ಲೋಟಕ್ಕೆಂದು ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ಮುಚ್ಚಳಗಳನ್ನೂ ತರಿಸಿದ್ದೆವು. ಅರವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಅದು ಮೆತ್ತಗಾಗುತ್ತದೆ. ನಮ್ಮ ಕಾಫಿ ಅದಕ್ಕಿಂತ ಬಿಸಿ. ಎರಡನೆಯ ವಾರಕ್ಕೇ ನಿಲ್ಲಿಸಿದೆವು.

ಮನೆಯ ಹಿಂದಿನ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿ, ಬಳಸಿದ ಡಬ್ಬಿ, ಅಡಿಕೆ ಹಾಳೆಯ ದೊನ್ನೆ, ಈ ಮುಚ್ಚಳ, ಜೊತೆಗೆ ಗೊಬ್ಬರವಾಗುತ್ತದೆ ಎಂದು ನಂಬಿ ಕೊಂಡಿದ್ದ ಒಂದು ಕೈಚೀಲ, ಎಲ್ಲವನ್ನೂ ಹೂತು ನೋಡಿದೆ. ಹರಿದು ಹಾಕಿದ ಸಿಪ್ಪೆಯ ಡಬ್ಬಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೆಸರಿಲ್ಲದಂತಾಗಿತ್ತು. ಹಾಳೆಯ ನಾರು ಎರಡನೆಯ ವರ್ಷದವರೆಗೂ ಕೈಗೆ ಸಿಗುತ್ತಿತ್ತು. ಮುಚ್ಚಳವನ್ನು ಹದಿನಾಲ್ಕು ತಿಂಗಳ ನಂತರ ತೊಳೆದರೆ ಅದರ ಮೇಲಿನ ಅಕ್ಷರಗಳನ್ನೂ ಓದಬಹುದಿತ್ತು. ಅದು ಕೊಳೆಯಲು ಸುಮಾರು 58 ಡಿಗ್ರಿ ಕಾವನ್ನು ವಾರಗಟ್ಟಲೆ ಹಿಡಿದಿಡುವ ದೊಡ್ಡ ಗೊಬ್ಬರದ ಘಟಕ ಬೇಕು. ಮನೆಯ ಗುಂಡಿಯಲ್ಲಿ ಆ ಕಾವು ನಿಲ್ಲುವುದಿಲ್ಲ. ಕೈಚೀಲವಂತೂ ಹೂತಾಗ ಹೇಗಿತ್ತೋ ಹಾಗೆಯೇ ಇತ್ತು. ಹಸಿರು ಎಲೆಯ ಚಿತ್ರ ಮುದ್ರಿಸಿ ನಮಗೆ ಅದನ್ನು ಮಾರಿದ ವರ್ತಕರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಗೊಬ್ಬರವಾಗುವ ಚೀಲ ಎಂದು ಮಾರಬೇಕಾದರೆ ಆ ಪ್ರಮಾಣಪತ್ರ ಇರಲೇಬೇಕು. ನಾನು ಅದನ್ನು ಕೊಳ್ಳುವ ಮೊದಲೇ ಕೇಳಬೇಕಿತ್ತು.

ಅಡಿಕೆ ಹಾಳೆಯ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಮಲೆನಾಡಿನವನಾಗಿ ತಪ್ಪಾದೀತು. ಸಾಗರ, ತೀರ್ಥಹಳ್ಳಿಗಳ ತೋಟದಲ್ಲಿ ಬಿದ್ದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವ ಈ ತಟ್ಟೆ ಗಟ್ಟಿತನದಲ್ಲಿ ಸಿಪ್ಪೆಯ ಡಬ್ಬಿಗಿಂತ ಒಂದು ಕೈ ಮೇಲು. ಆದರೆ ಬಿಗಿಯಾದ ಮುಚ್ಚಳ ಕೂರುವುದಿಲ್ಲ, ಆಷಾಢದಲ್ಲಿ ಎಷ್ಟು ಜೋಪಾನ ಮಾಡಿದರೂ ಬೂಷ್ಟು ಹಿಡಿಯುತ್ತದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯ ಅರೆಕೋಲಿನ್‌ನಂತಹ ಹಾನಿಕರ ಅಂಶಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ, ಈ ತಟ್ಟೆಗಳನ್ನು ಬಳಸಬಾರದೆಂದು ಹೇಳಿತು. ತಲೆಮಾರುಗಳಿಂದ ಹಾಳೆಯಲ್ಲಿ ಉಂಡವರಿಗೆ ಇದು ವಿಚಿತ್ರವಾಗಿ ಕೇಳಿಸೀತು, ನನಗೂ ಕೇಳಿಸಿತು. ಆದರೂ ಗಂಟೆಗಟ್ಟಲೆ ಒಳಗೇ ಇರುವ ಹುಳಿ ಪದಾರ್ಥಕ್ಕೆ ಹಾಳೆ ಬಳಸುವುದನ್ನು ನಿಲ್ಲಿಸಿ, ಇಲ್ಲಿಯೇ ನಿಂತು ತಿನ್ನುವವರ ಚರುಮುರಿ, ಕೇಸರಿಬಾತ್‌ಗೆ ಮಾತ್ರ ದೊನ್ನೆ ಉಳಿಸಿಕೊಂಡಿದ್ದೇವೆ.

ಸಿಪ್ಪೆಯ ಡಬ್ಬಿಯ ದರ ನಮಗೆ ಪ್ಲಾಸ್ಟಿಕ್ಕಿನ ಸುಮಾರು ಎರಡರಷ್ಟು ಬೀಳುತ್ತದೆ. ಪಾರ್ಸೆಲ್ ಶುಲ್ಕವನ್ನು ಐದರಿಂದ ಹತ್ತು ರೂಪಾಯಿಗೆ ಏರಿಸಿದ್ದೇವೆ. ಮೊದಮೊದಲು ಜಗಳವಾಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಸುವ ಸುದ್ದಿ ರಾಜ್ಯದಲ್ಲೆಲ್ಲ ಹಬ್ಬಿದ ಮೇಲೆ ಜಗಳ ನಿಂತು, ಡಬ್ಬಿ ಯಾವುದರದ್ದು ಎಂದು ಗ್ರಾಹಕರೇ ಕೇಳತೊಡಗಿದರು.

ಒಣ ಪದಾರ್ಥಕ್ಕೆ ಈ ಡಬ್ಬಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ತುಪ್ಪದ ಪದಾರ್ಥಕ್ಕೆ ಬಾಳೆ ಎಲೆಯ ಸಹಾಯದಿಂದ ಮೂರು. ಸಾಂಬಾರಿಗೆ ಮೂರು ವರ್ಷದಲ್ಲಿ ನನಗೆ ಒಪ್ಪುವಂಥದ್ದು ಯಾವುದೂ ಸಿಗಲಿಲ್ಲ. ಮನೆಯಿಂದ ಸ್ಟೀಲ್ ಕ್ಯಾರಿಯರ್ ತಂದವರಿಗೆ ಆ ಹತ್ತು ರೂಪಾಯಿ ಬಿಟ್ಟು, ಮೇಲೊಂದು ಸೌಟು ಸಾಂಬಾರು ಹೆಚ್ಚಿಗೆ ಹಾಕುತ್ತೇವೆ. ಸಂಜೆ ಆರರ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಈಗ ಹತ್ತು ಹನ್ನೆರಡು ಕ್ಯಾರಿಯರ್‌ಗಳು ಸಾಲಾಗಿ ಕೂತಿರುತ್ತವೆ.